ಒಂದು ಸಂಖ್ಯೆ ಬದಲಿಸಿದರೆ 17 ಸೆಕೆಂಡ್: ಪ್ರಿಕಂಪೈಲ್ಡ್ ಹೆಡರ್ ಜೊತೆ ನನ್ನ ಅನುಭವ

ನಾನು ಬೆಂಗಳೂರಿನಲ್ಲಿ ಸಿ++ ಬರೆಯುವ ಕೆಲಸದಲ್ಲಿದ್ದೇನೆ. ಡ್ರೋನಿಗೆ ಲೈಡಾರ್ (ಲೇಸರಿನಿಂದ ದೂರ ಅಳೆಯುವ ಸಾಧನ) ಕಟ್ಟಿ ಸರ್ವೆ ಮಾಡಿದಾಗ ಬರುವ ಕೋಟಿಗಟ್ಟಲೆ ಬಿಂದುಗಳಲ್ಲಿ ನೆಲ ಯಾವುದು, ಗಿಡ ಯಾವುದು, ಜಲ್ಲಿಯ ಗುಡ್ಡೆ ಯಾವುದು ಅಂತ ಬೇರೆ ಮಾಡಿ, ಆ ಗುಡ್ಡೆ ಎಷ್ಟು ಘನ ಮೀಟರ್ ಇದೆ ಅಂತ ಹೇಳುವ ಸಾಫ್ಟ್‌ವೇರ್ ನಮ್ಮದು. ಒಟ್ಟು 320 ಸಿಪಿಪಿ ಫೈಲುಗಳು, ಅಂದರೆ ಸಿ++ ಕೋಡ್ ಇರುವ ಫೈಲುಗಳು. ಪಾಯಿಂಟ್ ಕ್ಲೌಡ್ ಲೈಬ್ರರಿ, ಐಗನ್, ಬೂಸ್ಟ್ ಅನ್ನುವ ಮೂರು ಲೈಬ್ರರಿಗಳನ್ನೂ (ಬೇರೆಯವರು ಬರೆದಿಟ್ಟ ಸಿದ್ಧ ಕೋಡ್) ಧಾರಾಳವಾಗಿ ಬಳಸಿದ್ದೇವೆ. ಈ ಮೂರರಲ್ಲಿ ಒಂದನ್ನು ಮುಟ್ಟಿದವರಿಗೂ ಗೊತ್ತಿರುತ್ತದೆ, ಕಂಪೈಲ್ ಆಗೋಕೆ, ಅಂದರೆ ಬರೆದ ಕೋಡ್ ಮಶೀನಿಗೆ ಅರ್ಥವಾಗುವ ರೂಪಕ್ಕೆ ಬರೋಕೆ, ಎಷ್ಟು ಹೊತ್ತು ಬೇಕು ಅಂತ.

2021ರ ಮಾತು. ಎಲ್ಲ ಅಳಿಸಿ ಮೊದಲಿಂದ ಬಿಲ್ಡ್ ಮಾಡಿದರೆ (ಎಲ್ಲ ಫೈಲನ್ನೂ ಕಂಪೈಲ್ ಮಾಡಿ ಪ್ರೋಗ್ರಾಮ್ ಕಟ್ಟಿದರೆ) ನನ್ನ ಲ್ಯಾಪ್‌ಟಾಪಿನಲ್ಲಿ 18 ನಿಮಿಷ ಹಿಡಿಯುತ್ತಿತ್ತು. ಅದು ನನ್ನನ್ನು ಅಷ್ಟೇನೂ ಕಾಡಲಿಲ್ಲ. ದಿನಕ್ಕೊಂದು ಸಲ, ಹೆಚ್ಚೆಂದರೆ ಎರಡು ಸಲ, ಎದ್ದು ಹೋಗಿ ಕಾಫಿ ಕುಡಿದು ಬಂದರೆ ಆಯಿತು. ಕಾಡಿದ್ದು ಇನ್ನೊಂದು. ನೆಲವನ್ನು ಬೇರೆ ಮಾಡುವ ಫಿಲ್ಟರಿನಲ್ಲಿ ಒಂದು ಸಂಖ್ಯೆ ಬದಲಿಸಿ, 0.15 ಇದ್ದದ್ದನ್ನು 0.2 ಮಾಡಿ ಬಿಲ್ಡ್ ಕೊಟ್ಟರೆ 17 ಸೆಕೆಂಡ್. ಅದರಲ್ಲಿ 13 ಸೆಕೆಂಡ್ ಆ ಒಂದು ಫೈಲ್ ಕಂಪೈಲ್ ಆಗೋಕೆ, 4 ಸೆಕೆಂಡ್ ಲಿಂಕ್ ಆಗೋಕೆ, ಅಂದರೆ ಎಲ್ಲ ತುಂಡುಗಳೂ ಸೇರಿ ಒಂದು ಪ್ರೋಗ್ರಾಮ್ ಆಗೋಕೆ. 17 ಸೆಕೆಂಡ್ ಏನು ಮಹಾ ಅಂತ ಅನ್ನಿಸಬಹುದು, ಆದರೆ ಇದನ್ನು ದಿನಕ್ಕೆ 60 ಸಲ ಮಾಡ್ತೀವಿ, ಮತ್ತು ಈ 17 ಸೆಕೆಂಡ್ ಎಂಥ ಅಳತೆ ಅಂದರೆ ಎದ್ದು ಹೋಗೋಕೆ ಸಾಲಲ್ಲ, ಸುಮ್ನೆ ಕೂತಿರೋಕೆ ಜಾಸ್ತಿ, ಹಾಗಾಗಿ ಕೈ ಫೋನಿಗೆ ಹೋಗುತ್ತದೆ, ಫೋನಿಗೆ ಹೋದ ಮೇಲೆ ಐದು ನಿಮಿಷ ಹೋದದ್ದೇ ಗೊತ್ತಾಗಲ್ಲ, ವಾಪಸ್ ಬಂದಾಗ ನಾನು ಏನು ಬದಲಿಸಿದ್ದೆ, ಯಾಕೆ ಬದಲಿಸಿದ್ದೆ ಅನ್ನೋದೇ ತಲೆಯಿಂದ ಹೋಗಿರುತ್ತದೆ.

ನಮ್ಮ ತಂಡಕ್ಕೆ ಹೊಸದಾಗಿ ಸೇರಿದ್ದ ಹುಡುಗಿಯೊಬ್ಬಳು ಒಂದು ದಿನ ಕೇಳಿದಳು, “ಸರ್, ನಾನು ಬರೆದಿರೋದು 120 ಸಾಲು. ಇದನ್ನ ಓದೋಕೆ ಕಂಪೈಲರ್‌ಗೆ 13 ಸೆಕೆಂಡ್ ಯಾಕೆ ಬೇಕು?” ಒಳ್ಳೆ ಪ್ರಶ್ನೆ. ಅವಳ ಫೈಲನ್ನೇ ತಗೊಂಡು, ನಮ್ಮ ಕಂಪೈಲರ್ ಆದ ಜಿಸಿಸಿಗೆ ದೊಡ್ಡಕ್ಷರದ ‘-ಇ’ ಕೊಟ್ಟು, ಪ್ರಿಪ್ರೊಸೆಸರ್ (ಕಂಪೈಲಿಗೆ ಮುಂಚೆ ಕೋಡನ್ನು ಸಿದ್ಧ ಮಾಡುವ ಭಾಗ) ಹೊರಗೆ ಹಾಕಿದ್ದನ್ನು ಎಣಿಸಿದೆವು. 2 ಲಕ್ಷ 40 ಸಾವಿರ ಸಾಲು ಇತ್ತು. ಅವಳು ಬರೆದ 120 ಸಾಲು ಅದರ ತುದಿಯಲ್ಲಿ ಎಲ್ಲೋ ಇತ್ತು, ಅಷ್ಟೆ.

ಸಿ++ನಲ್ಲಿ ಇನ್‌ಕ್ಲೂಡ್ ಅಂದರೆ ಒಂದು ಹೆಡರಿನ (ಹಲವು ಸಿಪಿಪಿ ಫೈಲುಗಳು ಹಂಚಿಕೊಳ್ಳುವ ಕೋಡ್ ಇರುವ ಫೈಲ್) ಪಠ್ಯವನ್ನು ಹಾಗೇ ತಂದು ಅಲ್ಲಿ ಸುರಿಯುವುದು. ಆ ಹೆಡರಿನೊಳಗೆ ಇನ್ನಷ್ಟು ಇನ್‌ಕ್ಲೂಡ್ ಇರುತ್ತವೆ, ಅವೂ ಬಂದು ಬೀಳುತ್ತವೆ. ಒಂದು ಸಿಪಿಪಿ ಫೈಲ್ ಮುಗಿಸಿ ಮುಂದಿನದಕ್ಕೆ ಹೋದಾಗ ಕಂಪೈಲರಿಗೆ ಹಿಂದಿನದು ಏನೂ ನೆನಪಿರುವುದಿಲ್ಲ. ಅದೇ ಐಗನ್, ಅದೇ ಬೂಸ್ಟ್, ಅದೇ ವೆಕ್ಟರ್ ಮತ್ತು ಸ್ಟ್ರಿಂಗ್, ಎಲ್ಲವನ್ನೂ ಮೊದಲ ಸಾಲಿನಿಂದ ಓದುತ್ತದೆ. ನಮ್ಮಲ್ಲಿ 320 ಸಲ. ಕೆಲಸ ಬೇಡದ ಕಡೆ ಕೆಲಸ ಆಗ್ತಾ ಇದೆ ಅಂತ ಕಣ್ಣಾರೆ ಕಂಡ ಮೇಲೆ ಸುಮ್ಮನಿರೋಕೆ ನನಗೆ ಆಗಲಿಲ್ಲ.

ಪ್ರಿಕಂಪೈಲ್ಡ್ ಹೆಡರ್, ಅಂದರೆ ಪಿಸಿಎಚ್, ಇದಕ್ಕೆ ಇರುವ ಹಳೇ ಉಪಾಯ. ಭಾರವಾದ ಹೆಡರುಗಳನ್ನೆಲ್ಲ ಒಂದೇ ಹೆಡರಿನಲ್ಲಿ ಸೇರಿಸಿ, ಅದನ್ನು ಒಮ್ಮೆ ಕಂಪೈಲರಿಗೆ ಓದಿಸುವುದು. ಓದಿ ಮುಗಿಸಿದಾಗ ಅದರ ನೆನಪಿನಲ್ಲಿ ಏನೇನಿದೆಯೋ ಅದನ್ನೆಲ್ಲ ಡಿಸ್ಕಿಗೆ ಬರೆಸಿಡುವುದು. ಆಮೇಲೆ ಪ್ರತಿ ಸಿಪಿಪಿ ಫೈಲಿಗೂ ಅಲ್ಲಿಂದಲೇ ಶುರು. ಜಿಸಿಸಿ ತನ್ನ ಮೆಮೊರಿಯನ್ನೇ ಹೆಚ್ಚುಕಡಿಮೆ ಇದ್ದ ಹಾಗೆ ಫೈಲಿಗೆ ಬರೆದು, ಆಮೇಲೆ ಆ ಫೈಲನ್ನು ನೇರವಾಗಿ ಮೆಮೊರಿಗೆ ಮ್ಯಾಪ್ ಮಾಡಿಕೊಳ್ಳುತ್ತದೆ. ಕ್ಲ್ಯಾಂಗ್ ಅನ್ನುವ ಇನ್ನೊಂದು ಕಂಪೈಲರ್ ಬೇರೆ ದಾರಿ ಹಿಡಿದಿದೆ. ಅದು ಓದಿದ ಕೋಡಿನ ಮರವನ್ನು ಬರೆದಿಟ್ಟು, ಬೇಕಾದಾಗ ಬೇಕಾದ ಕೊಂಬೆಯನ್ನಷ್ಟೇ ತೆಗೆದುಕೊಳ್ಳುತ್ತದೆ. ಈ ವ್ಯತ್ಯಾಸ ಗೊತ್ತಿದ್ದರೆ ಜಿಸಿಸಿ ಯಾಕೆ ಇಷ್ಟು ಕಟ್ಟುನಿಟ್ಟು ಅನ್ನೋದು ಅರ್ಥ ಆಗುತ್ತದೆ. ಮೆಮೊರಿಯನ್ನೇ ಬರೆದಿಟ್ಟಿದ್ದರಿಂದ, ಬರೆದ ಕಂಪೈಲರೇ ಓದಬೇಕು, ಬರೆಯುವಾಗ ಕಂಪೈಲರಿಗೆ ಕೊಟ್ಟಿದ್ದ ಫ್ಲ್ಯಾಗುಗಳೇ (ಆಯ್ಕೆಗಳೇ) ಓದುವಾಗಲೂ ಇರಬೇಕು.

ಮೈಕ್ರೋಸಾಫ್ಟಿನ ವಿಷುಯಲ್ ಸಿ++ ನೋಡಿದವರಿಗೆ ಇದು ಬೇರೆ ಹೆಸರಿನಲ್ಲಿ ಗೊತ್ತು. ಕಾಲೇಜಿನ ಲ್ಯಾಬಿನಲ್ಲಿ ಹೊಸ ಪ್ರಾಜೆಕ್ಟ್ ಮಾಡಿದಾಗಲೆಲ್ಲ ‘ಎಸ್‌ಟಿಡಿಎಎಫ್‌ಎಕ್ಸ್ ಡಾಟ್ ಎಚ್’ ಅಂತ ಒಂದು ಫೈಲ್ ತಾನಾಗೇ ಬರುತ್ತಿತ್ತು, ಪ್ರತಿ ಫೈಲಿನ ಮೊದಲ ಸಾಲಿನಲ್ಲಿ ಅದು ಇರಲೇಬೇಕಿತ್ತು. ಯಾಕೆ ಅಂತ ಯಾರೂ ಹೇಳಿರಲಿಲ್ಲ, ನಾವೂ ಕೇಳಿರಲಿಲ್ಲ. ಅದೇ ಈ ಪಿಸಿಎಚ್. ಈಗಿನ ಹೊಸ ಪ್ರಾಜೆಕ್ಟುಗಳಲ್ಲಿ ಅದರ ಹೆಸರು ‘ಪಿಸಿಎಚ್ ಡಾಟ್ ಎಚ್’ ಆಗಿದೆ.

ಮೊದಲು ಪ್ರಾಜೆಕ್ಟಿನ ಬಿಲ್ಡ್ ಫೈಲ್ ಮುಟ್ಟಲೇ ಇಲ್ಲ. ಒಂದೇ ಒಂದು ಸಿಪಿಪಿ ಫೈಲ್ ತಗೊಂಡು ಟರ್ಮಿನಲ್ಲಿನಲ್ಲಿ ಕೈಯಾರೆ ಮಾಡಿ ನೋಡಿದೆ. ನೀವು ಶುರು ಮಾಡುವುದಾದರೂ ಹೀಗೇ ಮಾಡಿ ಅಂತ ಹೇಳ್ತೀನಿ. ಜಿಸಿಸಿಯಲ್ಲಿ ಅದು ಎರಡೇ ಹೆಜ್ಜೆ. ‘ಆಲ್ ಡಾಟ್ ಎಚ್’ ಅಂತ ಒಂದು ಹೆಡರ್ ಬರೆದು, ಸಿಪಿಪಿ ಫೈಲಿಗೆ ಯಾವ ಫ್ಲ್ಯಾಗ್ ಕೊಡ್ತೀರೋ ಅವೇ ಫ್ಲ್ಯಾಗ್ ಕೊಟ್ಟು ಅದನ್ನೇ ಕಂಪೈಲ್ ಮಾಡಿದರೆ, ಅದರ ಪಕ್ಕದಲ್ಲೇ ಹೆಸರಿನ ಕೊನೆಗೆ ‘ಜಿಸಿಎಚ್’ ಅಂತ ಸೇರಿದ ಇನ್ನೊಂದು ಫೈಲ್ ಹುಟ್ಟುತ್ತದೆ. ಆಮೇಲೆ ಸಿಪಿಪಿ ಫೈಲನ್ನು ಕಂಪೈಲ್ ಮಾಡುವಾಗ ‘-ಇನ್‌ಕ್ಲೂಡ್ ಆಲ್ ಡಾಟ್ ಎಚ್’ ಅಂತ ಕೊಟ್ಟರೆ ಸಾಕು, ಜಿಸಿಸಿ ಹೆಡರನ್ನು ಹುಡುಕುವ ಮೊದಲು ಅದೇ ಹೆಸರಿನ ಜಿಸಿಎಚ್ ಇದೆಯಾ ಅಂತ ನೋಡುತ್ತದೆ, ಇದ್ದರೆ ಅದನ್ನೇ ತಗೊಳ್ಳುತ್ತದೆ. ನನ್ನ ಜಿಸಿಎಚ್ ಫೈಲ್ 180 ಎಂಬಿ ಆಯಿತು. ಅದನ್ನು ನೋಡಿ ಸ್ವಲ್ಪ ಗಾಬರಿಯಾಯಿತು. ಆದರೆ 13 ಸೆಕೆಂಡಿನ ಫೈಲ್ 5 ಸೆಕೆಂಡಿಗೆ ಮುಗಿಯಿತು. ಮೂರು ಸಲ ಅಳೆದೆ, ಮೂರು ಸಲವೂ ಅಷ್ಟೇ.

ಅಲ್ಲಿಂದ ಇಡೀ ಪ್ರಾಜೆಕ್ಟಿಗೆ ತರೋಣ ಅಂದಾಗ ಮೊದಲ ತಡೆ ಸಿಮೇಕ್ (ಬಿಲ್ಡ್ ಹೇಗೆ ನಡೆಯಬೇಕು ಅಂತ ಬರೆದಿಡುವ ಸಾಧನ) ಕಡೆಯಿಂದ ಬಂತು. ಪಿಸಿಎಚ್ ಬೆಂಬಲ ಸಿಮೇಕಿನ ಒಳಗೇ ಬಂದದ್ದು 3.16ರಲ್ಲಿ, 2019ರ ಕೊನೆಗೆ. ನಮ್ಮ ಬಿಲ್ಡ್ ಸರ್ವರ್ ಉಬುಂಟು 18.04ರಲ್ಲಿತ್ತು, ಅದರ ಜೊತೆ ಬರುವುದು 3.10. ಹಳೇ ಸಿಮೇಕಿಗೆ ಪಿಸಿಎಚ್ ಸೇರಿಸುವ ಕೈಬರಹದ ಸ್ಕ್ರಿಪ್ಟುಗಳು ಆಗ ಬೇಕಾದಷ್ಟು ಸಿಗುತ್ತಿದ್ದವು, ಆದರೆ ಅವನ್ನು ನೋಡಿಕೊಳ್ಳುವ ಹೊಣೆ ಆಮೇಲೆ ನಮ್ಮ ತಲೆಗೇ ಬರುತ್ತದೆ. ಎರಡು ವಾರ ತಡ ಆದರೂ ಪರವಾಗಿಲ್ಲ ಅಂತ ಸರ್ವರನ್ನೇ 20.04ಕ್ಕೆ ಏರಿಸಿದೆವು. ಅದರಲ್ಲಿ 3.16 ಇದೆ. ಆಮೇಲೆ ಬರೆಯಬೇಕಾದದ್ದು ‘ಟಾರ್ಗೆಟ್_ಪ್ರಿಕಂಪೈಲ್_ಹೆಡರ್ಸ್’ ಅನ್ನುವ ಒಂದು ಕರೆ, ಅದರೊಳಗೆ ಹೆಡರುಗಳ ಪಟ್ಟಿ. ಸಿಪಿಪಿ ಫೈಲುಗಳಲ್ಲಿ ಒಂದಕ್ಷರ ಬದಲಿಸಬೇಕಿಲ್ಲ, ಸಿಮೇಕ್ ತಾನೇ ಒಂದು ಹೆಡರ್ ಸೃಷ್ಟಿಸಿ ಪ್ರತಿ ಫೈಲಿಗೂ ‘-ಇನ್‌ಕ್ಲೂಡ್’ ಮೂಲಕ ಸೇರಿಸುತ್ತದೆ.

ಪಟ್ಟಿಯಲ್ಲಿ ಏನು ಹಾಕಬೇಕು ಅನ್ನೋದರಲ್ಲೇ ಎಲ್ಲ ಇರುವುದು. ನಾನು ಮೊದಲು ತಪ್ಪಿದ್ದೂ ಇಲ್ಲೇ.

ಜಾಸ್ತಿ ಫೈಲುಗಳಲ್ಲಿ ಇನ್‌ಕ್ಲೂಡ್ ಆಗಿರುವ ಹೆಡರುಗಳು ಯಾವುವು ಅಂತ ಎಣಿಸಿ ಮೇಲಿನ 40 ತಗೊಂಡೆ. ಅದರಲ್ಲಿ ನಮ್ಮವೇ 14 ಇದ್ದವು. ನಮ್ಮ ಬಿಂದುವಿನ ಟೈಪ್ ಇರುವ ಹೆಡರ್, ಕಾನ್ಫಿಗರೇಶನ್ ಓದುವ ಹೆಡರ್, ಲಾಗ್ ಬರೆಯುವ ಹೆಡರ್. ಎಲ್ಲವನ್ನೂ ಹಾಕಿದೆ. ಮೊದಲಿಂದ ಬಿಲ್ಡ್ ಮಾಡಿದರೆ 18 ನಿಮಿಷ ಇದ್ದದ್ದು 7 ನಿಮಿಷಕ್ಕೆ ಇಳಿಯಿತು. ತಂಡದವರಿಗೆಲ್ಲ ಖುಷಿ, ನನಗೂ ಖುಷಿ. ಎರಡು ದಿನ ಕಳೆದ ಮೇಲೆ ಒಬ್ಬರು ಬಂದು ಹೇಳಿದರು, “ಸರ್, ನಾನು ಕಾನ್ಫಿಗರೇಶನ್‌ಗೆ ಒಂದು ಫೀಲ್ಡ್ ಸೇರಿಸಿದೆ ಅಷ್ಟೇ, 7 ನಿಮಿಷ ಹಿಡೀತು.” ನೋಡಿದರೆ ಸರಿಯಾಗೇ ಇದೆ. ಪಟ್ಟಿಯಲ್ಲಿರುವ ಯಾವ ಹೆಡರಿನಲ್ಲಿ ಒಂದು ಕಾಮೆಂಟ್ ಬದಲಾದರೂ ಪಿಸಿಎಚ್ ಮತ್ತೆ ಹುಟ್ಟಬೇಕು, ಪಿಸಿಎಚ್ ಹುಟ್ಟಿದರೆ ಅದನ್ನು ನಂಬಿದ 320 ಫೈಲುಗಳೂ ಮತ್ತೆ ಕಂಪೈಲ್ ಆಗಬೇಕು. ಮೊದಲಾದರೆ ಆ ಹೆಡರನ್ನು ನಿಜವಾಗಿ ಬಳಸುವ 60 ಫೈಲುಗಳಷ್ಟೇ ಆಗುತ್ತಿದ್ದವು.

ಅಂದರೆ ದಿನಕ್ಕೊಂದು ಸಲ ಮಾಡುವ ಬಿಲ್ಡನ್ನು ವೇಗ ಮಾಡಲು ಹೋಗಿ, ದಿನಕ್ಕೆ ಹತ್ತಾರು ಸಲ ಮಾಡುವ ಬಿಲ್ಡನ್ನು ನಿಧಾನ ಮಾಡಿದ್ದೆ. ಇದು ನನಗೆ ನಿಜಕ್ಕೂ ಬೇಜಾರಾಯಿತು, ಯಾಕಂದರೆ ನಾನು ಈ ಕೆಲಸಕ್ಕೆ ಕೈ ಹಾಕಿದ್ದೇ ಆ ಸಣ್ಣ ಬಿಲ್ಡಿನ ಸಲುವಾಗಿ. ಮೊದಲಿಂದ ಮಾಡುವ ಬಿಲ್ಡಿನ ನಿಮಿಷಗಳನ್ನು ಅಳೆಯುವುದು ಸುಲಭ, ಹತ್ತು ಜನಕ್ಕೆ ತೋರಿಸೋಕೂ ಚೆನ್ನಾಗಿರುತ್ತದೆ, ಹಾಗಾಗಿ ಎಲ್ಲರೂ ಅದನ್ನೇ ಅಳೀತಾರೆ. ನಾನೂ ಅದನ್ನೇ ಅಳೆದಿದ್ದೆ.

ಅವತ್ತೇ ನಮ್ಮ 14 ಹೆಡರುಗಳನ್ನೂ ಪಟ್ಟಿಯಿಂದ ತೆಗೆದೆ. ಅಲ್ಲಿಂದ ಇವತ್ತಿನವರೆಗೆ ನಿಯಮ ಇಷ್ಟೇ: ನಾವು ಬರೆದ ಹೆಡರ್ ಪಿಸಿಎಚ್ ಒಳಗೆ ಬರಬಾರದು. ಹೊರಗಿನ ಲೈಬ್ರರಿ, ಸ್ಟ್ಯಾಂಡರ್ಡ್ ಲೈಬ್ರರಿ ಮಾತ್ರ. ಕೆಲವರು ‘ಅಪರೂಪಕ್ಕೆ ಬದಲಾಗುವ ನಮ್ಮ ಹೆಡರ್ ಹಾಕಬಹುದು’ ಅಂತಾರೆ. ನಾನು ಒಪ್ಪಲ್ಲ. ಅಪರೂಪ ಅಂದುಕೊಂಡ ಹೆಡರೇ ಬಿಡುಗಡೆಯ ಹಿಂದಿನ ವಾರ ಮೂವತ್ತು ಸಲ ಬದಲಾಗುತ್ತದೆ.

ಹೊರಗಿನ ಹೆಡರುಗಳಲ್ಲೂ ಎಲ್ಲವನ್ನೂ ತುಂಬಬಾರದು. ಯಾವುದು ಭಾರ ಅಂತ ಊಹೆ ಮಾಡೋದು ಬಿಟ್ಟು ಅಳೆದು ನೋಡಬೇಕು. ನಾವು ಬಿಲ್ಡ್ ಮಾಡುವುದು ಜಿಸಿಸಿಯಲ್ಲಿ, ಆದರೆ ಅಳೆಯೋಕೆ ಒಂದು ದಿನದ ಮಟ್ಟಿಗೆ ಕ್ಲ್ಯಾಂಗ್ ಬಳಸಿದೆ. ಕ್ಲ್ಯಾಂಗ್ 9ರಿಂದ ‘-ಎಫ್‌ಟೈಮ್-ಟ್ರೇಸ್’ ಅನ್ನುವ ಫ್ಲ್ಯಾಗ್ ಇದೆ. ಅದನ್ನು ಕೊಟ್ಟರೆ ಪ್ರತಿ ಫೈಲಿಗೂ ಒಂದು ಜೇಸನ್ ಫೈಲ್ ಸಿಗುತ್ತದೆ, ಕ್ರೋಮಿನ ಟ್ರೇಸಿಂಗ್ ಪುಟದಲ್ಲಿ ತೆರೆದರೆ ಯಾವ ಹೆಡರ್ ಓದೋಕೆ ಎಷ್ಟು ಮಿಲಿಸೆಕೆಂಡ್, ಯಾವ ಟೆಂಪ್ಲೇಟ್ (ಬೇರೆ ಬೇರೆ ಟೈಪಿಗೆ ಹೊಂದುವ ಕೋಡಿನ ಅಚ್ಚು) ಬಿಡಿಸೋಕೆ ಎಷ್ಟು ಅಂತ ಪಟ್ಟಿ ಪಟ್ಟಿಯಾಗಿ ಕಾಣುತ್ತದೆ. ಇದನ್ನು ಕ್ಲ್ಯಾಂಗಿಗೆ ಸೇರಿಸಿದವರು ಅರಾಸ್ ಪ್ರಾಂಕೆವಿಚಿಯಸ್. ಎಲ್ಲ ಜೇಸನ್‌ಗಳನ್ನೂ ಒಟ್ಟು ಮಾಡಿ ಇಡೀ ಪ್ರಾಜೆಕ್ಟಿನ ಲೆಕ್ಕ ಕೊಡುವ ‘ಕ್ಲ್ಯಾಂಗ್ ಬಿಲ್ಡ್ ಅನಲೈಸರ್’ ಕೂಡ ಅವರದೇ. ನನ್ನ ಕೆಲಸವನ್ನು ಇದರಷ್ಟು ಹಗುರ ಮಾಡಿದ ಇನ್ನೊಂದು ಸಾಧನ ಇಲ್ಲ. ಐಗನ್ನಿನ ‘ಡೆನ್ಸ್’ ಹೆಡರ್ ಮತ್ತು ಪಾಯಿಂಟ್ ಕ್ಲೌಡ್ ಲೈಬ್ರರಿಯ ‘ಪಾಯಿಂಟ್ ಟೈಪ್ಸ್’ ಎರಡೇ ಸೇರಿ ನಮ್ಮ ಓದುವ ಸಮಯದ ಅರ್ಧಕ್ಕಿಂತ ಜಾಸ್ತಿ ತಿನ್ನುತ್ತಿದ್ದವು. ನಾನು ಭಾರ ಅಂದುಕೊಂಡಿದ್ದ ‘ಮ್ಯಾಪ್’, ‘ವೆಕ್ಟರ್’ ಅವುಗಳ ಪಕ್ಕದಲ್ಲಿ ಏನೇನೂ ಅಲ್ಲ. ಕೊನೆಗೆ ಪಟ್ಟಿ 19 ಹೆಡರಿಗೆ ನಿಂತಿತು.

ಈ ಪಟ್ಟಿಯೊಂದಿಗೆ ಮೊದಲಿಂದ ಬಿಲ್ಡ್ 8 ನಿಮಿಷ. ಮೊದಲಿನ 7ಕ್ಕಿಂತ ಒಂದು ನಿಮಿಷ ಜಾಸ್ತಿಯೇ. ಆದರೆ ಆ 17 ಸೆಕೆಂಡಿನ ಬಿಲ್ಡ್ 9ಕ್ಕೆ ಇಳಿಯಿತು, ನಮ್ಮ ಹೆಡರ್ ಬದಲಿಸಿದರೂ ಅದನ್ನು ಬಳಸುವ ಫೈಲುಗಳಷ್ಟೇ ಕಂಪೈಲ್ ಆಗುತ್ತವೆ. ಆ ಒಂದು ನಿಮಿಷವನ್ನು ನಾನು ಮನಸಾರೆ ಬಿಟ್ಟುಕೊಟ್ಟೆ.

ಇನ್ನು ಜಿಸಿಸಿಯ ಕಟ್ಟುನಿಟ್ಟಿನ ವಿಷಯ. ನಮ್ಮ ಪ್ರಾಜೆಕ್ಟ್ ಒಂದೇ ಟಾರ್ಗೆಟ್ ಅಲ್ಲ, ಐದು ಲೈಬ್ರರಿ, ಒಂದು ಮುಖ್ಯ ಪ್ರೋಗ್ರಾಮ್, 40 ಟೆಸ್ಟ್ ಪ್ರೋಗ್ರಾಮುಗಳು. ಪ್ರತಿಯೊಂದಕ್ಕೂ ಬೇರೆ ಪಿಸಿಎಚ್ ಕೊಟ್ಟರೆ, ಒಂದೊಂದು 180 ಎಂಬಿ ಅಂತ ಲೆಕ್ಕ ಹಾಕಿ, ಬರೇ ಟೆಸ್ಟುಗಳಿಗೇ 7 ಜಿಬಿ ದಾಟುತ್ತದೆ. ಡೀಬಗ್, ರಿಲೀಸ್ ಎರಡೂ ಇಟ್ಟುಕೊಂಡರೆ ಅದರ ಎರಡರಷ್ಟು. ಸಾಲದ್ದಕ್ಕೆ ಒಂದೊಂದು ಪಿಸಿಎಚ್ ಹುಟ್ಟಿಸೋಕೂ 15 ಸೆಕೆಂಡಿನ ಹತ್ತಿರ ಬೇಕು, ಎರಡೇ ಸಿಪಿಪಿ ಫೈಲ್ ಇರುವ ಟೆಸ್ಟಿಗೆ ಇದು ನಷ್ಟವೇ. ಇದಕ್ಕಂತಲೇ ಸಿಮೇಕಿನಲ್ಲಿ ‘ರೀಯೂಸ್_ಫ್ರಮ್’ ಇದೆ, ಒಂದು ಟಾರ್ಗೆಟ್ಟಿನ ಪಿಸಿಎಚ್ ಅನ್ನು ಇನ್ನೊಂದು ಬಳಸಬಹುದು. ನಾನು ಎಲ್ಲವೂ ಮೊದಲ ಲೈಬ್ರರಿಯದನ್ನೇ ಬಳಸಲಿ ಅಂತ ಬರೆದೆ.

ಬಿಲ್ಡ್ ಆಯಿತು. ಟೆಸ್ಟ್ ಎಲ್ಲ ಪಾಸ್. ಆದರೆ ಟೆಸ್ಟುಗಳ ಬಿಲ್ಡ್ ಮೊದಲಿಗಿಂತಲೂ ನಿಧಾನ!

ಕಾರಣ ಹುಡುಕೋಕೆ ಅರ್ಧ ದಿನ ಹೋಯಿತು. ಲೈಬ್ರರಿಗಳನ್ನು ನಾವು ‘-ಎಫ್‌ಪಿಕ್’ ಹಾಕಿ ಕಂಪೈಲ್ ಮಾಡುತ್ತೇವೆ, ಪ್ರೋಗ್ರಾಮುಗಳಿಗೆ ಅದಿಲ್ಲ. ಜಿಸಿಸಿಗೆ ಅಷ್ಟು ವ್ಯತ್ಯಾಸ ಸಾಕು, ಈ ಪಿಸಿಎಚ್ ನನಗೆ ಬೇಡ ಅಂತ ಪಕ್ಕಕ್ಕಿಡುತ್ತದೆ. ಪಕ್ಕಕ್ಕಿಟ್ಟು ನಿಲ್ಲಿಸುವುದಿಲ್ಲ, ತಪ್ಪಾಯಿತು ಅಂತ ಎರರ್ ಕೊಡುವುದೂ ಇಲ್ಲ. ಅದೇ ಹೆಸರಿನ ಮೂಲ ಹೆಡರನ್ನು ತೆಗೆದುಕೊಂಡು ಮೊದಲ ಸಾಲಿನಿಂದ ಓದುತ್ತದೆ. ಆ ಹೆಡರಿನಲ್ಲಿ ಇರುವುದು ನಾವು ಆರಿಸಿ ಆರಿಸಿ ಹಾಕಿದ 19 ಭಾರದ ಹೆಡರುಗಳು. ಹಾಗಾಗಿ ಬರೇ ‘ಸ್ಟ್ರಿಂಗ್’ ಬೇಕಿದ್ದ ಸಣ್ಣ ಟೆಸ್ಟ್ ಫೈಲ್ ಕೂಡ ಐಗನ್, ಬೂಸ್ಟ್ ಎಲ್ಲ ಓದಿ ಮುಗಿಸಿ ಆಮೇಲೆ ತನ್ನ ಕೆಲಸಕ್ಕೆ ಬರುತ್ತಿತ್ತು. ಪಿಸಿಎಚ್ ಇಲ್ಲದೇ ಇರುವುದಕ್ಕಿಂತ ಕೈಕೊಟ್ಟ ಪಿಸಿಎಚ್ ಕೆಟ್ಟದ್ದು.

ಇದನ್ನು ಹಿಡಿಯುವ ದಾರಿ ಎರಡಿವೆ. ಒಂದು, ‘ಇನ್‌ವ್ಯಾಲಿಡ್-ಪಿಸಿಎಚ್’ ಅನ್ನುವ ವಾರ್ನಿಂಗ್ ಫ್ಲ್ಯಾಗ್. ಸಿಮೇಕ್ ಅದನ್ನು ತಾನೇ ಹಾಕಿರುತ್ತದೆ, ನಮ್ಮಲ್ಲೂ ಹಾಕಿತ್ತು. ಆದರೆ ನಮ್ಮ ಬಿಲ್ಡಿನಲ್ಲಿ ಹಳೇ ವಾರ್ನಿಂಗುಗಳು ನೂರಾರು ಹರಿದು ಹೋಗುತ್ತಿದ್ದವು, ಅದರ ನಡುವೆ ಇದು ಕಣ್ಣಿಗೆ ಬೀಳಲಿಲ್ಲ. ಎರಡು, ದೊಡ್ಡಕ್ಷರದ ‘-ಎಚ್’ ಕೊಟ್ಟು ಒಂದೇ ಫೈಲನ್ನು ಕಂಪೈಲ್ ಮಾಡುವುದು. ಆಗ ಜಿಸಿಸಿ ತಾನು ತೆರೆದ ಹೆಡರುಗಳ ಪಟ್ಟಿಯನ್ನು ತೋರಿಸುತ್ತದೆ. ಪಿಸಿಎಚ್ ಬಳಸಿದ್ದರೆ ಅದರ ಹೆಸರಿಗೆ ಮೊದಲು ಆಶ್ಚರ್ಯಸೂಚಕ ಚಿಹ್ನೆ, ಬೇಡ ಅಂತ ಬಿಟ್ಟಿದ್ದರೆ ಇಂಗ್ಲಿಷಿನ ಎಕ್ಸ್. ಈಗ ಬಿಲ್ಡ್ ಫೈಲಿನಲ್ಲಿ ಏನೇ ಬದಲಿಸಲಿ, ಪ್ರತಿ ಟಾರ್ಗೆಟ್ಟಿನಿಂದ ಒಂದು ಫೈಲಿಗೆ ಇದನ್ನು ಓಡಿಸಿ ಆ ಚಿಹ್ನೆ ನೋಡದೆ ನಾನು ಕೋಡ್ ಒಪ್ಪಿಸುವುದಿಲ್ಲ.

ಪರಿಹಾರ ಸರಳವಾಗಿತ್ತು. ಐದು ಲೈಬ್ರರಿಗೆ ಸೇರಿ ಒಂದು ಪಿಸಿಎಚ್. ಎಲ್ಲ ಟೆಸ್ಟುಗಳಿಗೆ ಸೇರಿ ಇನ್ನೊಂದು, ಅದರಲ್ಲಿ ಟೆಸ್ಟ್ ಫ್ರೇಮ್‌ವರ್ಕಿನ ಹೆಡರ್ ಕೂಡ. ಮುಖ್ಯ ಪ್ರೋಗ್ರಾಮಿನಲ್ಲಿ ಇರುವುದೇ ಮೂರು ಫೈಲ್, ಅದಕ್ಕೆ ಪಿಸಿಎಚ್ ಬೇಡವೇ ಬೇಡ. ಐದೂ ಲೈಬ್ರರಿಗಳ ಫ್ಲ್ಯಾಗುಗಳು ಅಲ್ಲಲ್ಲಿ ಬೇರೆ ಇದ್ದವು, ಒಂದಕ್ಕೆ ಓಪನ್‌ಎಂಪಿ (ಕೆಲಸವನ್ನು ಹಲವು ಕೋರುಗಳಿಗೆ ಹಂಚುವ ಸೌಲಭ್ಯ) ಇತ್ತು, ಇನ್ನೊಂದಕ್ಕಿಲ್ಲ. ಎಲ್ಲವನ್ನೂ ಒಂದೇ ಕಡೆಗೆ ತಂದು ಸಮ ಮಾಡಿದೆವು. ಇದರಿಂದ ಬಿಲ್ಡ್ ಫೈಲ್ ಮೊದಲಿಗಿಂತ ಚೊಕ್ಕ ಆಯಿತು.

ಕಂಪೈಲರ್ ಅಪ್‌ಡೇಟ್ ಆದಾಗಲೂ ಇದೇ ಕಥೆ, ಹುಷಾರು. ಬರೆದ ಕಂಪೈಲರೇ ಓದಬೇಕು ಅಂದೆನಲ್ಲ, ಜಿಸಿಸಿ ಬದಲಾದರೆ ಹಳೇ ಪಿಸಿಎಚ್ ಕೆಲಸಕ್ಕೆ ಬಾರದು. ಅಪ್‌ಡೇಟ್ ಆದ ಮೇಲೆ ಬಿಲ್ಡ್ ಫೋಲ್ಡರ್ ಅಳಿಸಿ ಹೊಸದಾಗಿ ಮಾಡಿಬಿಡಿ.

ನನ್ನನ್ನು ಅತಿ ಹೆಚ್ಚು ಹೊತ್ತು ಕೂರಿಸಿದ್ದು ಒಂದು ಲಿಂಕರ್ ಎರರ್. ಪಾಯಿಂಟ್ ಕ್ಲೌಡ್ ಲೈಬ್ರರಿ ಬಹುತೇಕ ಟೆಂಪ್ಲೇಟುಗಳಿಂದಲೇ ಆಗಿದೆ. ಸಾಮಾನ್ಯ ಬಿಂದುವಿನ ಟೈಪುಗಳಿಗೆ, ಅಂದರೆ ಎಕ್ಸ್-ವೈ-ಝಡ್ ಇರುವುದು, ಅದರ ಜೊತೆ ಬಣ್ಣ ಇರುವುದು, ಇಂಥವಕ್ಕೆ ಆ ಟೆಂಪ್ಲೇಟುಗಳನ್ನು ಅವರೇ ಬಿಡಿಸಿ ಲೈಬ್ರರಿ ಫೈಲಿನಲ್ಲಿ ಇಟ್ಟಿರುತ್ತಾರೆ. ನಮ್ಮದೇ ಹೊಸ ಬಿಂದುವಿನ ಟೈಪ್ ಮಾಡಿಕೊಂಡರೆ, ಹೆಡರ್ ಇನ್‌ಕ್ಲೂಡ್ ಮಾಡುವ ಮೊದಲು ‘ಪಿಸಿಎಲ್_ನೋ_ಪ್ರಿಕಂಪೈಲ್’ ಅನ್ನುವ ಮ್ಯಾಕ್ರೋ (ಪ್ರಿಪ್ರೊಸೆಸರಿಗೆ ಕೊಡುವ ಒಂದು ಗುರುತು) ಡಿಫೈನ್ ಮಾಡಬೇಕು, ಆಗ ಟೆಂಪ್ಲೇಟಿನ ಒಳಗಿನ ಕೋಡ್ ಕೂಡ ಬಂದು ಸೇರುತ್ತದೆ. ಹೆಸರಿನಲ್ಲಿ ಪ್ರಿಕಂಪೈಲ್ ಅಂತ ಇದ್ದರೂ ನಮ್ಮ ಪಿಸಿಎಚ್‌ಗೂ ಅದಕ್ಕೂ ಸಂಬಂಧ ಇಲ್ಲ. ನಮ್ಮ ನಾಲ್ಕು ಫೈಲುಗಳಲ್ಲಿ ಈ ಮ್ಯಾಕ್ರೋ ಮೊದಲ ಸಾಲಿನಲ್ಲೇ ಇತ್ತು. ಪಿಸಿಎಚ್ ಹಾಕಿದ ಮೇಲೆ ಆ ನಾಲ್ಕೂ ಚೆನ್ನಾಗಿ ಕಂಪೈಲ್ ಆದವು, ಲಿಂಕ್ ಆಗುವಾಗ ಮಾತ್ರ ಇಂಥ ಫಂಕ್ಷನ್ ಸಿಗುತ್ತಿಲ್ಲ ಅಂತ ಪುಟಗಟ್ಟಲೆ ಎರರ್.

ಎರಡು ಗಂಟೆ ಲೈಬ್ರರಿ ದಾರಿಗಳನ್ನು ಹುಡುಕಿದೆ, ಇನ್‌ಸ್ಟಾಲ್ ಸರಿಯಿದೆಯಾ ನೋಡಿದೆ. ಆಮೇಲೆ ಹೊಳೆಯಿತು, ‘-ಇನ್‌ಕ್ಲೂಡ್’ ಕೊಟ್ಟದ್ದು ಫೈಲಿನ ಮೊದಲ ಸಾಲಿಗಿಂತಲೂ ಮೊದಲು ಬರುತ್ತದೆ ಅಲ್ವಾ! ನಮ್ಮ ಮ್ಯಾಕ್ರೋ ಬರುವ ಹೊತ್ತಿಗೆ ಹೆಡರ್ ಆಗಲೇ ಒಳಗೆ ಕೂತಿರುತ್ತದೆ. ಕೆಳಗೆ ನಾವು ಅದನ್ನೇ ಮತ್ತೆ ಇನ್‌ಕ್ಲೂಡ್ ಮಾಡಿದರೆ ಇನ್‌ಕ್ಲೂಡ್ ಗಾರ್ಡ್ ಅದನ್ನು ತಡೆಯುತ್ತದೆ. ಮ್ಯಾಕ್ರೋ ಇದ್ದೂ ಇಲ್ಲದ ಹಾಗೆ. ಆ ನಾಲ್ಕು ಫೈಲುಗಳಿಗೆ ಸಿಮೇಕಿನಲ್ಲಿ ‘ಸ್ಕಿಪ್_ಪ್ರಿಕಂಪೈಲ್_ಹೆಡರ್ಸ್’ ಅಂತ ಗುರುತು ಹಾಕಿ ಪಿಸಿಎಚ್‌ನಿಂದ ಹೊರಗಿಟ್ಟೆ, ಸರಿಯಾಯಿತು. ಇನ್‌ಕ್ಲೂಡಿಗಿಂತ ಮೇಲೆ ಡಿಫೈನ್ ಬರೆದಿರುವ ಫೈಲುಗಳು ನಿಮ್ಮಲ್ಲಿ ಎಷ್ಟಿವೆ ಅಂತ ಪಿಸಿಎಚ್ ಹಾಕುವ ಮುಂಚೆಯೇ ಒಮ್ಮೆ ಹುಡುಕಿ ನೋಡಿ. ನಮ್ಮಲ್ಲಿ ಲಿಂಕರ್ ಕೂಗಿ ಹೇಳಿತು, ಆದರೆ ಎಲ್ಲ ಮ್ಯಾಕ್ರೋಗಳೂ ಹಾಗಲ್ಲ, ಕೆಲವು ಸದ್ದಿಲ್ಲದೆ ಪ್ರೋಗ್ರಾಮಿನ ನಡವಳಿಕೆಯನ್ನೇ ಬದಲಿಸಿಬಿಡುತ್ತವೆ.

ಇದಕ್ಕಿಂತ ನಿಧಾನವಾಗಿ ಬೆಳೆಯುವ ತೊಂದರೆ ಇನ್ನೊಂದಿದೆ. ಪಿಸಿಎಚ್ ಇದ್ದಾಗ ‘ವೆಕ್ಟರ್’ ಇನ್‌ಕ್ಲೂಡ್ ಮಾಡದೆಯೂ ವೆಕ್ಟರ್ ಬಳಸಬಹುದು, ಕಂಪೈಲ್ ಆಗುತ್ತದೆ. ಯಾರೂ ಬೇಕಂತ ಮಾಡುವುದಿಲ್ಲ, ಆದರೆ ಕಂಪೈಲರ್ ಕೇಳದಿದ್ದರೆ ನಮಗೂ ಮರೆಯುತ್ತದೆ. ಮೂರು ತಿಂಗಳು ಕಳೆದ ಮೇಲೆ ಒಂದು ದಿನ ಪಿಸಿಎಚ್ ಇಲ್ಲದೆ ಬಿಲ್ಡ್ ಮಾಡಿದೆ, 38 ಫೈಲುಗಳು ಬಿದ್ದವು. ಒಂದು ಲೈಬ್ರರಿಯನ್ನು ಇನ್ನೊಂದು ಪ್ರಾಜೆಕ್ಟಿಗೆ ಕೊಡಬೇಕಿತ್ತು, ಆ ಹೊತ್ತಿಗೆ ಇದು ಗೊತ್ತಾಗಿದ್ದು ಒಳ್ಳೇದೇ ಆಯಿತು. ಎಲ್ಲವನ್ನೂ ಸರಿಮಾಡಿ, ದಿನಾ ರಾತ್ರಿ ಸರ್ವರಿನಲ್ಲಿ ‘ಸಿಮೇಕ್_ಡಿಸೇಬಲ್_ಪ್ರಿಕಂಪೈಲ್_ಹೆಡರ್ಸ್’ ಆನ್ ಮಾಡಿ ಒಂದು ಪೂರ್ತಿ ಬಿಲ್ಡ್ ಓಡುವ ಹಾಗೆ ಇಟ್ಟೆವು. ಯಾರಾದರೂ ಇನ್‌ಕ್ಲೂಡ್ ಮರೆತಿದ್ದರೆ ಬೆಳಿಗ್ಗೆ ಅವರಿಗೆ ಮೇಲ್ ಬಂದಿರುತ್ತದೆ. ಪಿಸಿಎಚ್ ವೇಗಕ್ಕೆ ಮಾತ್ರ ಇರಬೇಕು, ಅದಿಲ್ಲದಿದ್ದರೆ ಕೋಡೇ ನಿಲ್ಲಲಾರದು ಅನ್ನುವ ಸ್ಥಿತಿ ಬರಬಾರದು. ಇದರಲ್ಲಿ ನನಗೆ ರಾಜಿ ಇಲ್ಲ.

ಹಿಂದೆ ಕಂಪೈಲ್ ಮಾಡಿದ್ದನ್ನು ಉಳಿಸಿಟ್ಟು ಮತ್ತೆ ಕೊಡುವ ಸಿಕ್ಯಾಶ್ ಬಳಸುವವರಿಗೆ ಒಂದು ಮಾತು. ಪಿಸಿಎಚ್ ಹಾಕಿದ ದಿನ ನಮ್ಮ ಸಿಕ್ಯಾಶ್ ಒಂದೂ ಹಿಟ್ ಕೊಡಲಿಲ್ಲ, ಅಂದರೆ ಉಳಿಸಿಟ್ಟದ್ದು ಒಂದೂ ಬಳಕೆಗೆ ಬರಲಿಲ್ಲ. ಅದರ ‘ಸ್ಲಾಪಿನೆಸ್’ ಸೆಟ್ಟಿಂಗಿನಲ್ಲಿ ‘ಪಿಸಿಎಚ್_ಡಿಫೈನ್ಸ್’ ಮತ್ತು ‘ಟೈಮ್_ಮ್ಯಾಕ್ರೋಸ್’ ಎರಡನ್ನೂ ಹಾಕಬೇಕು. ಹಾಕಿದ ಮೇಲೆ ಸರಿಹೋಯಿತು.

ಪಿಸಿಎಚ್ ಏನು ಮಾಡಲ್ಲ ಅನ್ನೋದನ್ನೂ ಹೇಳಬೇಕು. ಅದು ಉಳಿಸುವುದು ಹೆಡರ್ ಓದುವ ಸಮಯವನ್ನು. ಟೆಂಪ್ಲೇಟುಗಳನ್ನು ನಮ್ಮ ಟೈಪಿಗೆ ಬಿಡಿಸುವುದು, ಆಪ್ಟಿಮೈಸ್ ಮಾಡುವುದು, ಮಶೀನ್ ಕೋಡ್ ಬರೆಯುವುದು, ಇವೆಲ್ಲ ಪ್ರತಿ ಫೈಲಿಗೂ ಮೊದಲಿನಂತೆಯೇ ನಡೆಯುತ್ತವೆ. ಎರಡು ಸ್ಕ್ಯಾನುಗಳನ್ನು ಒಂದರ ಮೇಲೊಂದು ಹೊಂದಿಸುವ ನಮ್ಮ ಆರು ಫೈಲುಗಳು ಪಿಸಿಎಚ್ ಹಾಕುವ ಮುಂಚೆ ಒಂದೊಂದು 40 ಸೆಕೆಂಡ್ ತಗೊಳ್ಳುತ್ತಿದ್ದವು, ಹಾಕಿದ ಮೇಲೆ 33. ಜಿಸಿಸಿಯ ‘-ಎಫ್‌ಟೈಮ್-ರಿಪೋರ್ಟ್’ ನೋಡಿದರೆ ಓದುವ ಪಾಲು ಸಣ್ಣದು, ಉಳಿದದ್ದೆಲ್ಲ ಟೆಂಪ್ಲೇಟ್ ಬಿಡಿಸುವುದು ಮತ್ತು ಆಪ್ಟಿಮೈಸೇಶನ್. ಅಲ್ಲಿಗೆ ಬೇರೆ ಮದ್ದು ಬೇಕಾಯಿತು. ಆ ಟೆಂಪ್ಲೇಟುಗಳನ್ನು ನಮ್ಮ ಎರಡು ಬಿಂದು ಟೈಪುಗಳಿಗೆ ಒಂದೇ ಸಿಪಿಪಿ ಫೈಲಿನಲ್ಲಿ ಬಿಡಿಸಿಟ್ಟು, ಉಳಿದ ಕಡೆ ‘ಎಕ್ಸ್‌ಟರ್ನ್ ಟೆಂಪ್ಲೇಟ್’ ಅಂತ, ಅಂದರೆ ಬಿಡಿಸಿದ್ದು ಬೇರೆ ಕಡೆ ಇದೆ ಅಂತ, ಹೇಳಿ ಸುಮ್ಮನಿರಿಸಿದೆವು. ಆರರಲ್ಲಿ ಐದು ಫೈಲುಗಳು 12 ಸೆಕೆಂಡಿಗೆ ಬಂದವು, ಟೆಂಪ್ಲೇಟುಗಳನ್ನು ಬಿಡಿಸಿಟ್ಟ ಆರನೆಯದು ಮಾತ್ರ ನಿಧಾನವಾಗಿಯೇ ಉಳಿಯಿತು, ಆದರೆ ಅದನ್ನು ಮುಟ್ಟುವುದೇ ವರ್ಷಕ್ಕೆ ಎರಡು ಸಲ.

ಹೆಡರಿನ ಬದಲು ಬಳಸುವ ಮಾಡ್ಯೂಲ್ ಬಂದಿದೆಯಲ್ಲ, ಇನ್ನೂ ಯಾಕೆ ಇದು ಅಂತ ಕೇಳುವವರಿದ್ದಾರೆ. ಸಿ++20ರಲ್ಲಿ ಮಾಡ್ಯೂಲ್ ಬಂದಿದೆ, ಸಿ++23ರಲ್ಲಿ ಸ್ಟ್ಯಾಂಡರ್ಡ್ ಲೈಬ್ರರಿಯನ್ನೇ ಮಾಡ್ಯೂಲಾಗಿ ಇಂಪೋರ್ಟ್ ಮಾಡಬಹುದು. ಅದು ಸರಿಯಾದ ದಾರಿ, ನಾನೂ ಅದಕ್ಕೆ ಕಾಯುತ್ತಿದ್ದೇನೆ. ಆದರೆ ನಮ್ಮ ಸಮಯ ತಿನ್ನುತ್ತಿರುವುದು ಐಗನ್, ಬೂಸ್ಟ್, ಪಾಯಿಂಟ್ ಕ್ಲೌಡ್ ಲೈಬ್ರರಿ. ನಾವು ಅವನ್ನು ಇವತ್ತಿಗೂ ಹೆಡರಾಗಿಯೇ ಬಳಸುತ್ತಿದ್ದೇವೆ. ಇರುವ ಕೋಡಿಗೆ ಕೈ ಹಚ್ಚದೆ, ಬಿಲ್ಡ್ ಫೈಲಿನ ಇಪ್ಪತ್ತು ಮೂವತ್ತು ಸಾಲಿನಲ್ಲಿ ಇಷ್ಟು ಸಿಗುವ ಬೇರೆ ಉಪಾಯ ನನಗೆ ಕಂಡಿಲ್ಲ.

ಪಟ್ಟಿಯಲ್ಲಿ ಈಗಲೂ 19 ಹೆಡರುಗಳೇ ಇವೆ. ಸಿಮೇಕ್ ಫೈಲಿನಲ್ಲಿ ಒಂದೊಂದರ ಪಕ್ಕದಲ್ಲೂ ಅದು ಎಷ್ಟು ಫೈಲಿಗೆ ಬೇಕು, ಓದೋಕೆ ಎಷ್ಟು ಮಿಲಿಸೆಕೆಂಡ್ ಅಂತ ಕಾಮೆಂಟ್ ಬರೆದಿದ್ದೇವೆ. ಹೋದ ತಿಂಗಳು ಒಬ್ಬರು ಬೂಸ್ಟಿನ ಜ್ಯಾಮಿತಿಯ ಹೆಡರನ್ನು ಸೇರಿಸೋಣ ಅಂತ ಕೋಡ್ ಕಳಿಸಿದರು. ತುಂಬಾ ಭಾರದ ಹೆಡರ್, ಅವರು ಹೇಳಿದ್ದು ನಿಜ. ಅಂದು 120 ಸಾಲಿನ ಪ್ರಶ್ನೆ ಕೇಳಿದ್ದ ಹುಡುಗಿಯೇ ಈಗ ಬಿಲ್ಡ್ ನೋಡಿಕೊಳ್ಳುತ್ತಾಳೆ. ಅವಳು ಎಣಿಸಿ ನೋಡಿದಳು, 320ರಲ್ಲಿ ಅದು ಬೇಕಿರುವುದು 11 ಫೈಲಿಗೆ. “ಅದು ಆ 11ರಲ್ಲೇ ಇರಲಿ ಬಿಡಿ” ಅಂತ ಬರೆದು ವಾಪಸ್ ಕಳಿಸಿದಳು.